ಎರಡು ಸೀಟಿನ ತೆರೆದ ಕಾರಿನಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್: ಆತುರವಿಲ್ಲದ ಪ್ರವಾಸಕ್ಕೆ ಸಲಹೆ ಬೇಕಾಗಿದೆ

ಪ್ರಶ್ನೆ (ಬಸವನಗುಡಿಯಿಂದ)

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಜೂನ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಸುಮಾರು ಮೂರು ವಾರ ಉತ್ತರ ಯುರೋಪಿನಲ್ಲಿ ನಾವೇ ಕಾರು ಓಡಿಸಿಕೊಂಡು ತಿರುಗಬೇಕೆಂದು ನಿಶ್ಚಯಿಸಿದ್ದೇವೆ. ಕಾರು ಯಾವುದಾದರೂ ಆದೀತು ಎಂಬ ಮನಸ್ಸು ನನ್ನದಲ್ಲ. ಕಾಲೇಜಿನ ದಿನಗಳಿಂದಲೂ ನನಗೆ ಚಿಕ್ಕ ಸ್ಪೋರ್ಟ್ಸ್ ಕಾರುಗಳ ಮೇಲೆ, ಅದರಲ್ಲೂ ಮಜ್ದಾ ಎಂಎಕ್ಸ್-5 ಮೇಲೆ ಬಹಳ ಪ್ರೀತಿ. ಆ ಕಂಪನಿ ಭಾರತದಲ್ಲಿ ಕಾರು ಮಾರುವುದಿಲ್ಲವಾದ್ದರಿಂದ ಇಲ್ಲಿ ಅದನ್ನು ಓಡಿಸಿ ನೋಡುವ ಅವಕಾಶವೇ ಸಿಕ್ಕಿಲ್ಲ. ಕೋಪನ್‌ಹೇಗನ್‌ನಲ್ಲಿ ಅಂಥದ್ದೊಂದನ್ನು ಬಾಡಿಗೆಗೆ ಪಡೆದು ಅಲ್ಲಿಗೇ ಹಿಂದಿರುಗಿಸುವ ಯೋಚನೆಯಿದೆ.

ನಾನು ಹಾಕಿಕೊಂಡಿರುವ ದಾರಿ ಹೀಗಿದೆ. ಕೋಪನ್‌ಹೇಗನ್‌ನಿಂದ ಓರೆಸುಂಡ್ ಸೇತುವೆ ದಾಟಿ ಸ್ವೀಡನ್ ಸೇರುವುದು, ಸ್ಟಾಕ್‌ಹೋಮ್ ಮೂಲಕ ಬಾಲ್ಟಿಕ್ ಕರಾವಳಿಗುಂಟ ಉತ್ತರಕ್ಕೆ ಸಾಗಿ ನಾರ್ವೆಯ ತುದಿಯಾದ ನೋರ್ಡ್‌ಕಾಪ್ ಮುಟ್ಟುವುದು, ಅಲ್ಲಿಂದ ಲೋಫೋಟೆನ್, ಬರ್ಗೆನ್, ಓಸ್ಲೋ ನೋಡಿಕೊಂಡು ಇಳಿದು ಬರುವುದು. ಒಟ್ಟು ಸುಮಾರು 6,000 ಕಿ.ಮೀ. ಆಗುತ್ತದೆ. ನನಗಿರುವ ಸಂದೇಹಗಳು ಇವು: ಈ ದೂರವನ್ನು ದಣಿಯದೆ ಕ್ರಮಿಸಬಹುದೇ? ಗಂಟೆಗೆ 80 ಕಿ.ಮೀ. ಮಿತಿಯಿರುವ ನಾರ್ವೆಯ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರಿಗೆ ಹಣ ಸುರಿಯುವುದು ದಂಡವೇ? ಇಬ್ಬರ ಸಾಮಾನು ಆ ಪುಟ್ಟ ಡಿಕ್ಕಿಯಲ್ಲಿ ಹಿಡಿಸುವುದೇ? ಬೆಂಗಳೂರಿನಿಂದ ಹೊರಡುವ ಮುನ್ನ ಯಾವ ಯಾವ ಕಾಗದಪತ್ರ ಮಾಡಿಸಿಕೊಳ್ಳಬೇಕು? ಅಲ್ಲಿ ಕಾರು ಓಡಿಸಿದ ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮಲ್ಲೇಶ್ವರದಿಂದ)

ನಿಮ್ಮ ಕಾರಿನ ಆಯ್ಕೆ ನನಗೆ ತುಂಬ ಹಿಡಿಸಿತು, ದಾರಿಯ ಆಯ್ಕೆ ಹಿಡಿಸಲಿಲ್ಲ. ಪಶ್ಚಿಮ ನಾರ್ವೆಯಲ್ಲಿ ನಾವು ಇಂಥದೇ ಎರಡು ಸೀಟಿನ ತೆರೆದ ಕಾರಿನಲ್ಲಿ ತಿರುಗಿದ್ದೇವೆ. ನಮ್ಮ ಯಜಮಾನರಿಗೆ ಗಾಡಿ ಓಡಿಸುವುದರಲ್ಲಿ ಆಸಕ್ತಿ ಕಡಿಮೆ, ಆದ್ದರಿಂದ ಇಡೀ ದಾರಿ ಸ್ಟಿಯರಿಂಗ್ ನನ್ನ ಕೈಯಲ್ಲೇ ಇತ್ತು.

ಮೊದಲು ಲೆಕ್ಕ ನೋಡೋಣ. ಮೂರು ವಾರದಲ್ಲಿ 6,000 ಕಿ.ಮೀ. ಎಂದರೆ ಒಂದು ದಿನವೂ ಬಿಡದೆ ದಿನಕ್ಕೆ 280ಕ್ಕೂ ಹೆಚ್ಚು ಕಿ.ಮೀ. ಓಡಿಸಬೇಕು. ನಾರ್ವೆಯ ಊರಾಚೆಯ ರಸ್ತೆಗಳಲ್ಲಿ ಮಿತಿ 80, ಊರೊಳಗೆ 50. ನಡುನಡುವೆ ಫೆರಿಗಾಗಿ ಕಾಯಬೇಕು, ಕಿರಿದಾದ ಕಡೆ ಎದುರಿನವರಿಗೆ ದಾರಿ ಬಿಡಬೇಕು, ತಿರುವುಗಳಲ್ಲಿ ವೇಗ ತಗ್ಗಿಸಬೇಕು. ಹೀಗಾಗಿ ಸರಾಸರಿ ಗಂಟೆಗೆ 50–55ಕ್ಕಿಂತ ಮೇಲೇರುವುದು ಕಷ್ಟ. ದಿನಕ್ಕೆ ಐದಾರು ಗಂಟೆ ಸೀಟಿನಲ್ಲೇ ಕಳೆದರೆ ಆತುರವಿಲ್ಲದ ಪ್ರವಾಸ ಎಂಬ ನಿಮ್ಮ ಮೂಲ ಆಸೆಯೇ ಕೈತಪ್ಪುತ್ತದೆ. ಕೋಪನ್‌ಹೇಗನ್‌ನಿಂದ ನೋರ್ಡ್‌ಕಾಪ್‌ವರೆಗೆ ಹೋಗುವುದಕ್ಕೇ ಸುಮಾರು ಎರಡೂವರೆ ಸಾವಿರ ಕಿ.ಮೀ. ಆಗುತ್ತದೆ. ಅದರಲ್ಲಿ ಬಹುಭಾಗ ಸ್ವೀಡನ್ನಿನ ಇ-4 ಹೆದ್ದಾರಿ, ಇಕ್ಕೆಲದಲ್ಲೂ ಪೈನ್ ಕಾಡು, ನೇರ ರಸ್ತೆ. ಅಲ್ಲಿಗೆ ಒಳ್ಳೆಯ ಸೆಡಾನ್ ಸಾಕು, ಎಂಎಕ್ಸ್-5 ಬೇಕಿಲ್ಲ.

ಈ ಕಾರು ಅರಳುವುದು ಬೇರೆ ಬಗೆಯ ರಸ್ತೆಯಲ್ಲಿ. ಅದರ ತೂಕ ಒಂದು ಟನ್ನಿನ ಆಸುಪಾಸು, ಅಗಲ 1.73 ಮೀಟರ್, 1.5 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 131 ಅಶ್ವಶಕ್ತಿ. ಈ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅಗಲ. ನಾರ್ವೆಯ ಹಳೆಯ ಬೆಟ್ಟದ ರಸ್ತೆಗಳು ಎಷ್ಟೋ ಕಡೆ ಒಂದೂವರೆ ಕಾರಿನಷ್ಟೇ ಅಗಲವಾಗಿದ್ದು, ಎದುರುಬದುರಾದಾಗ ನಿಲ್ಲಲು ನೀಲಿ ಫಲಕದ ಮೇಲೆ ಬಿಳಿಯ 'ಎಂ' ಅಕ್ಷರವಿರುವ ಜಾಗಗಳನ್ನು ಮಾಡಿರುತ್ತಾರೆ. ದೊಡ್ಡ ಕ್ಯಾಂಪರ್ ವಾಹನಗಳು ಅಲ್ಲಿ ಏದುಸಿರು ಬಿಡುತ್ತ ಹಿಂದೆ ಸರಿಯುವಾಗ ಚಿಕ್ಕ ಕಾರು ನಿರಾಯಾಸವಾಗಿ ಅಂಚಿಗೆ ಸರಿದು ನಿಲ್ಲುತ್ತದೆ. ಇನ್ನು 80ರ ಮಿತಿಯ ಮಾತು. ಭಾರಿ ಶಕ್ತಿಯ ಕಾರಿನಲ್ಲಿ ಆ ಮಿತಿ ಬೇಸರ ತರಿಸಬಹುದು. ಹಗುರ ಕಾರಿನಲ್ಲಿ ಮೂರನೆಯ ಗೇರಿನಲ್ಲಿ 50–60ರಲ್ಲಿ ಹೋಗುವಾಗಲೇ ರಸ್ತೆಯ ಒಂದೊಂದು ತಿರುವೂ ಅಂಗೈಗೆ ತಿಳಿಯುತ್ತದೆ. ಆದ್ದರಿಂದ ಹಣ ದಂಡವಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಒಂದೇ ಒಂದು ರಸ್ತೆಯನ್ನು ಆರಿಸಿ ಎಂದರೆ ನಾನು ಸೋಗ್ನೆಫ್ಯೆಲ್ ಬೆಟ್ಟದ ರಸ್ತೆಯನ್ನು ಹೇಳುತ್ತೇನೆ. ಸೋಗ್ನೆಫಿಯೋರ್ಡ್ ಎಂಬ ಕಡಲ ಕೊಲ್ಲಿ ಒಳನಾಡಿನೊಳಗೆ ಇನ್ನೂರು ಕಿ.ಮೀ.ಗೂ ಮಿಗಿಲಾಗಿ ಚಾಚಿದ್ದು, ಅದರ ಒಳತುದಿಯಲ್ಲಿ ಶೋಲ್ಡೆನ್ ಎಂಬ ಪುಟ್ಟ ಊರಿದೆ. ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1914ರಲ್ಲಿ ಏಕಾಂತಕ್ಕಾಗಿ ಮನೆ ಕಟ್ಟಿಸಿಕೊಂಡದ್ದು ಇದೇ ಊರಿನ ಸರೋವರದ ಮೇಲಣ ಬಂಡೆಯ ಮೇಲೆ. ಸಮುದ್ರಮಟ್ಟದ ಈ ಊರಿನಿಂದ ರಸ್ತೆ ತಿರುವಿನ ಮೇಲೆ ತಿರುವು ಹಾಕುತ್ತ 1,434 ಮೀಟರ್ ಎತ್ತರಕ್ಕೆ ಏರುತ್ತದೆ. ಉತ್ತರ ಯುರೋಪಿನಲ್ಲಿ ಇದಕ್ಕಿಂತ ಎತ್ತರದ ಕಣಿವೆಮಾರ್ಗವಿಲ್ಲ. ಕೆಳಗೆ ಹಣ್ಣಿನ ತೋಟಗಳ ನಡುವೆ ಮೇಲ್ಛಾವಣಿ ಮಡಚಿ ಹೊರಟವರು ಅರ್ಧ ಗಂಟೆಯೊಳಗೆ ಬರ್ಚ್ ಮರಗಳು ಕುಳ್ಳಾಗುತ್ತ ಮಾಯವಾಗುವುದನ್ನು, ಗಾಳಿ ಹಠಾತ್ತನೆ ತಣ್ಣಗಾಗುವುದನ್ನು, ಕರಗುವ ಹಿಮದ ನೀರು ರಸ್ತೆಯ ಪಕ್ಕದಲ್ಲೇ ಸದ್ದು ಮಾಡುತ್ತ ಹರಿಯುವುದನ್ನು ಮೈಯಿಂದಲೇ ಅರಿಯುತ್ತೀರಿ. ಜೂನ್ ತಿಂಗಳಲ್ಲೂ ಮೇಲ್ಭಾಗದಲ್ಲಿ ಕಾರಿಗಿಂತ ಎತ್ತರದ ಹಿಮದ ಗೋಡೆಗಳು ಉಳಿದಿರಬಹುದು. ಹಿಮ ಸರಿಸುವ ಯಂತ್ರಕ್ಕೆ ರಸ್ತೆಯ ಅಂಚು ಕಾಣಲೆಂದು ನೆಟ್ಟ ಉದ್ದನೆಯ ಕೋಲುಗಳು ಸಾಲಾಗಿ ನಿಂತಿರುತ್ತವೆ. ಕೊರಳಿಗೆ ಗಂಟೆ ಕಟ್ಟಿಕೊಂಡ ಕುರಿಗಳು ಬಿಸಿಲಿಗೆ ಬೆಚ್ಚಗಾದ ಡಾಂಬರಿನ ಮೇಲೆ ಮಲಗಿರುತ್ತವೆ, ಹಾರ್ನ್ ಮಾಡಿದರೂ ಏಳುವುದಿಲ್ಲ. ಎಂಜಿನ್ ಆರಿಸಿ ಕಾಯುವುದೇ ಸರಿ. ಆಚೆ ಬದಿಯಲ್ಲಿ ಇಳಿದರೆ ಲೋಮ್ ಊರಿನಲ್ಲಿ ಹನ್ನೆರಡನೆಯ ಶತಮಾನದ ಮರದ ಚರ್ಚು ಇಂದಿಗೂ ಬಳಕೆಯಲ್ಲಿದೆ.

ಎರಡನೆಯದು ಔರ್‌ಲ್ಯಾಂಡ್. ಔರ್‌ಲ್ಯಾಂಡ್‌ನಿಂದ ಲಾರ್‌ಡಾಲ್‌ಗೆ ಎರಡು ದಾರಿಗಳಿವೆ. ಒಂದು, 2000ದಲ್ಲಿ ತೆರೆದ 24.5 ಕಿ.ಮೀ. ಉದ್ದದ ಸುರಂಗ, ಜಗತ್ತಿನಲ್ಲೇ ಅತಿ ಉದ್ದದ ರಸ್ತೆ ಸುರಂಗ. ಚಾಲಕರಿಗೆ ಮಂಪರು ಕವಿಯಬಾರದೆಂದು ಅದರೊಳಗೆ ಮೂರು ಕಡೆ ಗುಹೆಯಂತೆ ಅಗಲಿಸಿ ನೀಲಿ ಬೆಳಕು ಹಾಕಿದ್ದಾರೆ. ಇನ್ನೊಂದು, ಅದೇ ಬೆಟ್ಟವನ್ನು ಹತ್ತಿ ಇಳಿಯುವ 47 ಕಿ.ಮೀ.ಗಳ ಹಳೆಯ ರಸ್ತೆ. ಸುರಂಗದಲ್ಲಿ ಇಪ್ಪತ್ತು ನಿಮಿಷ ಸಾಕು, ಮೇಲಿನ ದಾರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಫಿಯೋರ್ಡಿನಿಂದ 650 ಮೀಟರ್ ಎತ್ತರದಲ್ಲಿ ಬೆಟ್ಟದಿಂದ ಹೊರಕ್ಕೆ ಚಾಚಿಕೊಂಡ ಸ್ಟೇಗಸ್ಟೈನ್ ವೀಕ್ಷಣಾ ಕಟ್ಟೆ ಇರುವುದೂ ಈ ದಾರಿಯಲ್ಲೇ. ತೆರೆದ ಕಾರಿನಲ್ಲಿ ಸುರಂಗ ಹೊಕ್ಕರೆ ಸದ್ದು, ಹೊಗೆ, ಜಿನುಗುವ ನೀರು ಮೂರನ್ನೂ ಸಹಿಸಬೇಕಾಗುತ್ತದೆ. ಪಶ್ಚಿಮ ನಾರ್ವೆಯಲ್ಲಿ ಸುರಂಗಗಳಿಗೆ ಲೆಕ್ಕವಿಲ್ಲ, ಆದ್ದರಿಂದ ಉದ್ದದ ಸುರಂಗ ಬರುವ ಮೊದಲೇ ನಿಲ್ಲಿಸಿ ಛಾವಣಿ ಹಾಕಿಕೊಳ್ಳಿ. ಎಂಎಕ್ಸ್-5ರ ಬಟ್ಟೆಯ ಛಾವಣಿಯನ್ನು ಕೂತಲ್ಲಿಂದಲೇ ಒಂದೇ ಕೈಯಲ್ಲಿ ಎಳೆದು ಕೊಂಡಿ ಸಿಕ್ಕಿಸಬಹುದು.

ಡಿಕ್ಕಿಯ ವಿಚಾರ: 130 ಲೀಟರ್ ಎಂದು ಕಂಪನಿ ಹೇಳುತ್ತದೆ. ಗಟ್ಟಿ ಸೂಟ್‌ಕೇಸುಗಳನ್ನು ಮರೆತುಬಿಡಿ. ಮೆತ್ತನೆಯ ಬಟ್ಟೆಯ ಚೀಲಗಳು ಎರಡು, ಸಂದಿಗೊಂದಿಯಲ್ಲಿ ತುರುಕಲು ಜರ್ಕಿನ್ನು, ಷೂ, ಅಷ್ಟೇ. ಬಟ್ಟೆ ಒಗೆಯುವ ಯಂತ್ರ ಬಹುತೇಕ ಕ್ಯಾಂಪಿಂಗ್ ತಾಣಗಳಲ್ಲಿ ಇರುತ್ತದೆ. ಉಣ್ಣೆಯ ಟೋಪಿ ಮತ್ತು ಕೊರಳುವಸ್ತ್ರ ಮಾತ್ರ ಕೈಗೆಟಕುವಲ್ಲಿ ಇರಲಿ, ಹೀಟರ್ ಹಾಕಿಕೊಂಡು ಕಿಟಕಿಯ ಗಾಜು ಏರಿಸಿದರೆ ಹನ್ನೆರಡು ಡಿಗ್ರಿಯಲ್ಲೂ ಛಾವಣಿ ತೆರೆದು ಹೋಗುವುದು ಹಿತವಾಗಿಯೇ ಇರುತ್ತದೆ.

ಉತ್ತರ (ಕೋರಮಂಗಲದಿಂದ)

ಮಲ್ಲೇಶ್ವರದ ಮೇಡಂ ರಸ್ತೆಯ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಕಾಗದಪತ್ರ ಮತ್ತು ಬಾಡಿಗೆ ಕರಾರಿನ ವಿಚಾರ ಹೇಳುತ್ತೇನೆ, ಏಕೆಂದರೆ ಪ್ರವಾಸ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ವಿಮಾನ ಇಳಿಯುವ ದೇಶಕ್ಕಲ್ಲ. ನಿಮ್ಮ ರಾತ್ರಿಗಳು ನಾರ್ವೆಯಲ್ಲೇ ಹೆಚ್ಚಾಗುವುದಾದರೆ, ಕೋಪನ್‌ಹೇಗನ್‌ನಲ್ಲಿ ಇಳಿದರೂ ಅರ್ಜಿ ನಾರ್ವೆಗೇ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ. ಬೇಸಿಗೆಯ ದಟ್ಟಣೆಯಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಮಯ ಸಿಗುವುದು ಕಷ್ಟವಾದ್ದರಿಂದ ಫೆಬ್ರವರಿ–ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ. ಪ್ರವಾಸ ವಿಮೆಯ ಮೊತ್ತ ಕನಿಷ್ಠ 30,000 ಯೂರೊ ಇರಬೇಕು. ವಯಸ್ಕರ ವೀಸಾ ಶುಲ್ಕವನ್ನು 2024ರ ಜೂನ್‌ನಲ್ಲಿ 90 ಯೂರೊಗೆ ಏರಿಸಿದ್ದಾರೆ. ನಾರ್ವೆ ಷೆಂಗೆನ್‌ನಲ್ಲಿದ್ದರೂ ಐರೋಪ್ಯ ಒಕ್ಕೂಟದಲ್ಲಿಲ್ಲ, ಯೂರೊ ನಾಣ್ಯ ಈ ಮೂರೂ ದೇಶಗಳಲ್ಲಿ ಇಲ್ಲ. ಮೂರಕ್ಕೂ ಬೇರೆ ಬೇರೆ ಕ್ರೋನ್ ಇದೆಯಾದರೂ ನಗದು ಬೇಕಾಗುವುದು ಅಪರೂಪ. ಆದರೆ ಜನರಿಲ್ಲದ ಪೆಟ್ರೋಲ್ ಬಂಕ್‌ಗಳು ಅಲ್ಲಿ ಸಾಮಾನ್ಯವಾದ್ದರಿಂದ ಪಿನ್ ಇರುವ ಕಾರ್ಡು ಕಡ್ಡಾಯವೆಂದೇ ತಿಳಿಯಿರಿ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿ ಮಾಡಿಸಬೇಕು. ಅದರ ಅವಧಿ ಒಂದು ವರ್ಷ. ಮೂಲ ಡಿಎಲ್ ಜೊತೆಯಲ್ಲಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ, ಎರಡನ್ನೂ ಒಯ್ಯಿರಿ.

ಈಗ ಬಾಡಿಗೆ ಕರಾರು. ಸ್ಪೋರ್ಟ್ಸ್ ಕಾರುಗಳಿಗೆ ಚಾಲಕರ ಕನಿಷ್ಠ ವಯಸ್ಸು ಸಾಮಾನ್ಯ ಕಾರುಗಳಿಗಿಂತ ಹೆಚ್ಚಿರುತ್ತದೆ, ಠೇವಣಿಯೂ ದೊಡ್ಡದು, ಅದನ್ನು ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ ತಡೆಹಿಡಿಯುತ್ತಾರೆ. ನೀವು ಹೋಗುವ ಪ್ರತಿ ದೇಶದ ಹೆಸರನ್ನೂ, ಕಾರನ್ನು ಹಡಗಿನಲ್ಲಿ ಸಾಗಿಸುವ ಅನುಮತಿಯನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಬಟ್ಟೆಯ ಛಾವಣಿ, ಗಾಜು, ಟೈರು ಮತ್ತು ಕಾರಿನ ತಳಭಾಗಕ್ಕೆ ಆಗುವ ಹಾನಿ ಅನೇಕ ಕರಾರುಗಳಲ್ಲಿ ವಿಮೆಯ ಹೊರಗಿರುತ್ತದೆ. ಎಂಎಕ್ಸ್-5ರಲ್ಲಿ ಸ್ಟೆಪ್ನಿ ಇರುವುದಿಲ್ಲ, ದ್ರವ ತುಂಬಿ ಗಾಳಿ ಹಿಡಿಸುವ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಟೈರಿನ ಪಕ್ಕ ಹರಿದರೆ ಅದು ಪ್ರಯೋಜನಕ್ಕೆ ಬಾರದು. ಆದ್ದರಿಂದ ಟೈರಿನ ವಿಮೆಗೆ ಪ್ರತ್ಯೇಕವಾಗಿ ಹಣ ಕೊಡುವುದು ಬುದ್ಧಿವಂತಿಕೆ.

ಕಾನೂನಿನಲ್ಲಿ ನಮ್ಮವರಿಗೆ ಹೊಸದೆನಿಸುವ ಸಂಗತಿಗಳು ಕೆಲವಿವೆ. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಆ ಬಲಗಡೆಯ ರಸ್ತೆ ಮನೆಗಳ ನಡುವಿನ ಓಣಿಯಾದರೂ ಸರಿಯೇ, ನಾರ್ವೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಮದ್ಯದ ಮಿತಿ ನಾರ್ವೆ, ಸ್ವೀಡನ್‌ಗಳಲ್ಲಿ ರಕ್ತದಲ್ಲಿ ಸಾವಿರಕ್ಕೆ 0.2, ಅಂದರೆ ನಮ್ಮ ಕಾನೂನಿನ ಮಿತಿಗಿಂತಲೂ ಕಡಿಮೆ. ನಾರ್ವೆಯಲ್ಲಿ ಕೆಲವು ಕಡೆ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನು ಅಳೆಯುತ್ತಾರೆ, ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಅಭ್ಯಾಸ ಅಲ್ಲಿ ನಡೆಯದು. ಡೆನ್ಮಾರ್ಕ್ 2021ರಲ್ಲಿ ತಂದ ಕಾನೂನಿನಂತೆ 200 ಕಿ.ಮೀ. ವೇಗ ಮುಟ್ಟಿದರೆ, ಅಥವಾ ನೂರನ್ನು ಮೀರಿದ ವೇಗದಲ್ಲಿ ಮಿತಿಯ ಎರಡರಷ್ಟಕ್ಕಿಂತ ಹೆಚ್ಚು ಓಡಿಸಿದರೆ, ಕಾರು ಯಾರದೇ ಆಗಿರಲಿ, ಬಾಡಿಗೆಯದೇ ಆಗಿರಲಿ, ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ನಾರ್ವೆಯ ಟೋಲ್‌ಗಳಲ್ಲಿ ನಿಲ್ಲುವ ಅಗತ್ಯವಿಲ್ಲ, ಕ್ಯಾಮೆರಾ ನಂಬರ್ ಫಲಕವನ್ನು ಓದಿ ಬಿಲ್ಲು ಕಳಿಸುತ್ತದೆ. ಬಾಡಿಗೆ ಕಾರಾದರೆ ಅದು ನಿಮ್ಮ ಕಾರ್ಡಿಗೆ ಬರುತ್ತದೆ. ಊರಿಗೆ ಮರಳಿದ ಮೇಲೂ ಕೆಲವು ವಾರ ಈ ಬಿಲ್ಲುಗಳು ಬರುತ್ತಿರುವುದರಿಂದ ಆ ಕಾರ್ಡನ್ನು ಕೂಡಲೇ ಮುಚ್ಚಿಸಬೇಡಿ.

ಉತ್ತರ (ವೈಟ್‌ಫೀಲ್ಡ್‌ನಿಂದ)

ಗೋಥೆನ್‌ಬರ್ಗ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಗ ಬೆಂಗಳೂರಿಗೆ ಮರಳಿದ್ದೇನೆ. ಭಾರತದವರು ಸ್ವೀಡನ್ ಎಂದರೆ ಓಸ್ಲೋ ಮತ್ತು ಕೋಪನ್‌ಹೇಗನ್ ನಡುವಿನ ಹೆದ್ದಾರಿ ಎಂದಷ್ಟೇ ಭಾವಿಸಿ ಇ-6ರಲ್ಲಿ ಒಂದೇ ಉಸಿರಿಗೆ ದಾಟಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ, ಏಕೆಂದರೆ ಆ ಹೆದ್ದಾರಿಯಿಂದ ಪಶ್ಚಿಮಕ್ಕೆ ಹತ್ತಿಪ್ಪತ್ತು ಕಿ.ಮೀ. ಸರಿದರೆ ಬೂಹುಸ್‌ಲೆನ್ ಕರಾವಳಿ ಸಿಗುತ್ತದೆ, ಚಿಕ್ಕ ತೆರೆದ ಕಾರಿಗೆ ಅದಕ್ಕಿಂತ ಹೇಳಿ ಮಾಡಿಸಿದ ಜಾಗ ನಾನು ಕಂಡಿಲ್ಲ.

ನಸುಗೆಂಪು ಗ್ರಾನೈಟ್ ಬಂಡೆಗಳು, ಬಂಡೆಗಳ ನಡುವೆ ಕೆಂಪು ಬಿಳಿ ಮರದ ಮನೆಗಳ ಮೀನುಗಾರರ ಹಳ್ಳಿಗಳು, ದ್ವೀಪದಿಂದ ದ್ವೀಪಕ್ಕೆ ಸೇತುವೆ ಅಥವಾ ಹಳದಿ ಬಣ್ಣದ ಸರ್ಕಾರಿ ಫೆರಿ. ಈ ಹಳದಿ ಫೆರಿಗಳು ರಸ್ತೆಯ ಭಾಗವೆಂದೇ ಲೆಕ್ಕ, ಹಣ ಕೊಡಬೇಕಿಲ್ಲ. ಸ್ವಾನೆಸುಂಡ್‌ನಲ್ಲಿ ಓರುಸ್ಟ್ ದ್ವೀಪಕ್ಕೆ ದಾಟುವಾಗ ಸಾಲಿನಲ್ಲಿ ನಿಂತು, ಸಿಬ್ಬಂದಿ ಕೈ ತೋರಿಸಿದ ಸಾಲಿಗೆ ನಿಧಾನವಾಗಿ ಹತ್ತಿಸಿ, ಗೇರಿನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಕುಳಿತರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ. ಕಾರು ತಗ್ಗಾಗಿರುವುದರಿಂದ ಫೆರಿಯ ಇಳಿಜಾರು ಹಲಗೆಯನ್ನು ಆದಷ್ಟು ನಿಧಾನವಾಗಿ ದಾಟಿಸಿ, ಮುಂಬಂಪರ್ ತಾಗುವ ಸಂಭವವಿದೆ. ದೊಡ್ಡ ಹಡಗುಗಳಲ್ಲಾದರೆ ಕಾರಿನ ಕಳ್ಳಗಂಟೆಯನ್ನು ಆರಿಸಿ ಇಳಿಯಿರಿ, ಅಲೆಯ ಓಲಾಟಕ್ಕೆ ಅದು ಕೂಗಿಕೊಳ್ಳುವುದುಂಟು.

ಉತ್ತರದ ಕಡೆಗೆ ತಾನುಮ್ ಎಂಬಲ್ಲಿ ಕಂಚಿನ ಯುಗದ ಜನರು ಬಂಡೆಗಳ ಮೇಲೆ ಕೆತ್ತಿದ ಹಡಗುಗಳು, ಬೇಟೆಗಾರರು, ಎತ್ತು ಹೂಡಿ ಉಳುವವರು ಕಾಣಸಿಗುತ್ತಾರೆ. ಯುನೆಸ್ಕೊ 1994ರಲ್ಲಿ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂಜೆಯ ಓರೆಬಿಸಿಲಿನಲ್ಲಿ ಕೆತ್ತನೆಯ ನೆರಳು ಎದ್ದು ಕಾಣುವುದರಿಂದ ಆ ಹೊತ್ತಿಗೇ ಹೋಗಿ.

ಪ್ರಶ್ನೆ ಕೇಳಿದವರಿಗೆ ಕಾರುಗಳ ಮೇಲೆ ಪ್ರೀತಿ ಇರುವುದರಿಂದ ಇನ್ನೊಂದು ಮಾತು. ಗೋಥೆನ್‌ಬರ್ಗ್‌ನಿಂದ ಸುಮಾರು ಒಂದು ಗಂಟೆಯ ದೂರದ ಟ್ರೋಲ್‌ಹೆಟ್ಟನ್‌ನಲ್ಲಿ ಸಾಬ್ ಕಾರುಗಳ ವಸ್ತುಸಂಗ್ರಹಾಲಯವಿದೆ. ವಿಮಾನ ಕಟ್ಟುತ್ತಿದ್ದವರು ಕಾರು ಕಟ್ಟಲು ಹೊರಟಾಗ ಏನಾಯಿತೆಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು. 1950ರ ದಶಕದ ಮೊದಲ ಸೊನೆಟ್ ಎಂಬ ಎರಡು ಸೀಟಿನ ತೆರೆದ ಸಾಬ್ ಕಾರನ್ನು ಅವರು ತಯಾರಿಸಿದ್ದು ಆರೇ ಆರು. ಗೋಥೆನ್‌ಬರ್ಗ್‌ನ ವೋಲ್ವೊ ಪ್ರದರ್ಶನದಲ್ಲಿ ಪಿ1800 ಮಾದರಿಯನ್ನು ತಪ್ಪದೆ ನೋಡಿ. ಇರ್ವ್ ಗೋರ್ಡನ್ ಎಂಬ ಅಮೆರಿಕದ ಶಾಲಾ ಮಾಸ್ತರರು ತಮ್ಮ 1966ರ ಪಿ1800 ಕಾರಿನಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ ಪೂರೈಸಿದರು. ಸ್ಪೋರ್ಟ್ಸ್ ಕಾರು ದೂರದ ಪ್ರಯಾಣಕ್ಕಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಅದೇ.

ಎರಡು ಎಚ್ಚರಿಕೆ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಸ್ವೀಡನ್ನರ ನಡುಬೇಸಿಗೆಯ ಹಬ್ಬದ ಮುನ್ನಾದಿನ. ಇಡೀ ದೇಶ ನಗರ ಬಿಟ್ಟು ಹಳ್ಳಿಗೆ ಹೊರಡುತ್ತದೆ, ಅಂಗಡಿ ಹೋಟೆಲುಗಳು ಬಹಳಷ್ಟು ಮುಚ್ಚಿರುತ್ತವೆ, ಕರಾವಳಿಯಲ್ಲಿ ಕೋಣೆ ಸಿಗುವುದಿಲ್ಲ. ಎರಡನೆಯದು ಮೂಸ್ ಎಂಬ ಭಾರಿ ಜಿಂಕೆ. ಅದರ ಕಾಲುಗಳು ಉದ್ದವಾಗಿರುವುದರಿಂದ ಡಿಕ್ಕಿಯಾದರೆ ನೂರಾರು ಕಿಲೊ ತೂಕದ ದೇಹ ನೇರವಾಗಿ ಮುಂಗಾಜಿನ ಮೇಲೆ ಬೀಳುತ್ತದೆ, ತಗ್ಗಿನ ಬಟ್ಟೆಛಾವಣಿಯ ಕಾರಿಗೆ ಅದರಿಂದ ರಕ್ಷಣೆ ಇಲ್ಲ. ನಮ್ಮ ಬಂಡೀಪುರದಲ್ಲಿರುವಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿಲ್ಲ, ಆದ್ದರಿಂದ ನಿಮ್ಮ ಮೇಲೆ ನೀವೇ ನಿಷೇಧ ಹಾಕಿಕೊಂಡು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಾಡಿನ ರಸ್ತೆಗೆ ಇಳಿಯಬೇಡಿ.

ಉತ್ತರ (ರಾಜಾಜಿನಗರದಿಂದ)

ಎಲ್ಲರೂ ಉತ್ತರದ ತುದಿಯನ್ನು ಕೈಬಿಡಲು ಹೇಳುತ್ತಿರುವುದರಿಂದ ಅದರ ಪರವಾಗಿಯೂ ಒಂದು ಮಾತು ಇರಲಿ. ನಡುರಾತ್ರಿಯ ಸೂರ್ಯನನ್ನು ಕಾಣಬೇಕಾದರೆ ಆರ್ಕ್ಟಿಕ್ ವೃತ್ತ ದಾಟಲೇಬೇಕು. ನೋರ್ಡ್‌ಕಾಪ್‌ನಲ್ಲಿ ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಬರ್ಗೆನ್‌ನಲ್ಲಿ ಜೂನ್ ರಾತ್ರಿ ಎಷ್ಟೇ ಬೆಳಕಿದ್ದರೂ ಆ ಅನುಭವಕ್ಕೆ ಸಾಟಿಯಾಗದು. ಆದರೆ ಅಲ್ಲಿಗೆ ಕೋಪನ್‌ಹೇಗನ್‌ನಿಂದ ಕಾರಿನಲ್ಲೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಸ್ಪೋರ್ಟ್ಸ್ ಕಾರಿನ ಪ್ರವಾಸವನ್ನು ದಕ್ಷಿಣದಲ್ಲಿ ಮುಗಿಸಿ ಕಾರು ಹಿಂದಿರುಗಿಸಿ, ವಿಮಾನದಲ್ಲಿ ಬೂಡೊ ಊರಿಗೆ ಹೋಗಿ, ಅಲ್ಲಿಂದ ಸಾಮಾನ್ಯ ಕಾರಿನಲ್ಲಿ ಮೊಸ್ಕೆನೆಸ್ ಫೆರಿ ಹಿಡಿದರೆ ಲೋಫೋಟೆನ್ ದ್ವೀಪಗಳು ಸಿಗುತ್ತವೆ. ಮೂರು ದಿನ ಇದ್ದರೂ ಸಾಕು, ಮೋಡವಿಲ್ಲದ ಒಂದು ರಾತ್ರಿ ಸಿಕ್ಕರೆ ಧನ್ಯ.

ಪ್ರಶ್ನೆ ಕೇಳಿದವರ ಮರುಮಾತು (ಬಸವನಗುಡಿಯಿಂದ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದಿದ ಮೇಲೆ ನಾನೂ ಪತ್ನಿಯೂ ನಕ್ಷೆ ಹರಡಿಕೊಂಡು ಕುಳಿತು ದಾರಿಯನ್ನು ಹೊಸದಾಗಿ ಹಾಕಿದ್ದೇವೆ. ಕೋಪನ್‌ಹೇಗನ್‌ನಿಂದ ದಕ್ಷಿಣಕ್ಕೆ ಮೋನ್ ದ್ವೀಪದ ಬಿಳಿ ಸೀಮೆಸುಣ್ಣದ ಬಂಡೆಗಳನ್ನು ನೋಡಿ, ಸ್ಟೋರೆಬೆಲ್ಟ್ ಸೇತುವೆ ದಾಟಿ ಯುಟ್‌ಲ್ಯಾಂಡ್ ಸೇರುವುದು, ಹಿರ್ಟ್ಸ್‌ಹಾಲ್ಸ್‌ನಿಂದ ಹಡಗಿನಲ್ಲಿ ನಾರ್ವೆಯ ಕ್ರಿಸ್ಟಿಯಾನ್‌ಸಂಡ್‌ಗೆ ಹೋಗುವುದು, ಹಾರ್ಡಾಂಗರ್, ಔರ್‌ಲ್ಯಾಂಡ್, ಸೋಗ್ನೆಫ್ಯೆಲ್, ಲೋಮ್ ಮುಗಿಸಿ ಓಸ್ಲೋ ಕಡೆಗೆ ಇಳಿದು, ಬೂಹುಸ್‌ಲೆನ್ ಕರಾವಳಿಗುಂಟ ಗೋಥೆನ್‌ಬರ್ಗ್, ಮಾಲ್ಮೊ ಮೂಲಕ ಓರೆಸುಂಡ್ ಸೇತುವೆಯಿಂದ ಕೋಪನ್‌ಹೇಗನ್‌ಗೆ ಮರಳುವುದು. ಒಟ್ಟು ಸುಮಾರು 3,000 ಕಿ.ಮೀ. ನೋರ್ಡ್‌ಕಾಪ್ ಕೈಬಿಟ್ಟಿದ್ದೇವೆ, ಲೋಫೋಟೆನ್ ವಿಚಾರವನ್ನು ರಜೆ ಸಿಗುವುದರ ಮೇಲೆ ಬಿಟ್ಟಿದ್ದೇವೆ.

ಇನ್ನೆರಡು ಸಂದೇಹ ಉಳಿದಿವೆ. ಎಡಗಡೆ ಸ್ಟಿಯರಿಂಗ್ ಇರುವ, ಕೈಯಿಂದ ಗೇರು ಬದಲಿಸುವ ಕಾರನ್ನು ರಸ್ತೆಯ ಬಲಗಡೆ ಓಡಿಸಲು ಎಷ್ಟು ಬೇಗ ಒಗ್ಗಿಕೊಳ್ಳಬಹುದು? ಮತ್ತು ನಾವು ಸಸ್ಯಾಹಾರಿಗಳು, ಫಿಯೋರ್ಡುಗಳ ನಡುವಿನ ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು?

ಉತ್ತರ (ಮಲ್ಲೇಶ್ವರದಿಂದ)

ಹೊಸ ದಾರಿ ಬಹಳ ಚೆನ್ನಾಗಿದೆ. ಒಂದು ಸಣ್ಣ ಸೇರ್ಪಡೆ: ಹಿರ್ಟ್ಸ್‌ಹಾಲ್ಸ್ ತಲುಪುವ ಮುನ್ನ ರುಬ್ಯೆರ್ಗ್ ಕ್ನೂಡೆ ಎಂಬ ದೀಪಸ್ತಂಭದ ಬಳಿ ನಿಲ್ಲಿ. 1900ರಲ್ಲಿ ಬೆಳಗಿದ ಆ ಸ್ತಂಭಕ್ಕೆ ಕಡಲಕೊರೆತ ಹತ್ತಿರವಾದಾಗ, 2019ರ ಅಕ್ಟೋಬರ್‌ನಲ್ಲಿ ಇಡೀ ಗೋಪುರವನ್ನೇ ಹಳಿಗಳ ಮೇಲಿಟ್ಟು ಸುಮಾರು 70 ಮೀಟರ್ ಒಳಕ್ಕೆ ಸರಿಸಿದರು. ಅಲ್ಲಿಗೆ ಹತ್ತಿರದ ಲೋಕೆನ್ ಕಡಲತೀರದಲ್ಲಿ ಕಾರುಗಳು ಮರಳಿನ ಮೇಲೆ ಓಡುವುದನ್ನು ಕಾಣುತ್ತೀರಿ. ಅದಕ್ಕೆ ಅನುಮತಿಯಿದೆ, ಆದರೂ ನಿಮ್ಮ ತಗ್ಗಿನ ಕಾರನ್ನು, ಅದರಲ್ಲೂ ಬಾಡಿಗೆ ಕಾರನ್ನು ಇಳಿಸಬೇಡಿ.

ಚಾಲನೆಯ ಬಗ್ಗೆ: ರಸ್ತೆಯ ಬಲಗಡೆ ಹೋಗುವುದು ಎಲ್ಲರೂ ಹೋಗುತ್ತಿರುವಾಗ ತಾನಾಗಿ ಬರುತ್ತದೆ. ತಪ್ಪುವುದು ಖಾಲಿ ರಸ್ತೆಯಲ್ಲಿ, ಬೆಳಗ್ಗೆ ಕ್ಯಾಂಪಿಂಗ್ ತಾಣದಿಂದ ಹೊರಬರುವಾಗ ಮತ್ತು ಪೆಟ್ರೋಲ್ ಹಾಕಿಸಿ ತಿರುಗುವಾಗ. ಆ ಎರಡು ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರು ಬಾಯಿಬಿಟ್ಟು "ಬಲಕ್ಕೆ" ಎಂದು ಹೇಳುವ ರೂಢಿ ಮಾಡಿಕೊಳ್ಳಿ. ಗೇರು ಬಲಗೈಗೆ ಬರುತ್ತದೆ, ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳ ಕ್ರಮ ಮಾತ್ರ ಇಲ್ಲಿಯಂತೆಯೇ. ನೀವು ಇಲ್ಲಿ ಮಾರುತಿ ಅಥವಾ ಹ್ಯುಂಡೈ ಓಡಿಸುವವರಾದರೆ ಇಂಡಿಕೇಟರ್ ಕಡ್ಡಿ ಬಲಗಡೆಯಿರುತ್ತದೆ, ಅಲ್ಲಿ ಎಡಗಡೆ. ಮೊದಲ ದಿನ ತಿರುವಿಗೊಮ್ಮೆ ವೈಪರ್ ಓಡುವುದು ಸಹಜ, ಗಾಬರಿಯಾಗಬೇಡಿ. ಕೋಪನ್‌ಹೇಗನ್ ನಗರದೊಳಗೆ ಸೈಕಲ್‌ಗಳ ದಟ್ಟಣೆ ಹೆಚ್ಚು, ಬಲಕ್ಕೆ ತಿರುಗುವಾಗ ನಿಮ್ಮ ಬಲಬದಿಯಲ್ಲಿ ನೇರ ಬರುವ ಸೈಕಲ್ ಸವಾರರಿಗೆ ಮೊದಲು ದಾರಿ ಬಿಡಬೇಕು. ಹೀಗಾಗಿ ಕಾರನ್ನು ನಗರದ ನಡುವೆ ಪಡೆಯುವ ಬದಲು ವಿಮಾನ ನಿಲ್ದಾಣದಲ್ಲಿ ಪಡೆದು, ಮೊದಲ ದಿನ ಮೋನ್ ಕಡೆಯ ಹಳ್ಳಿರಸ್ತೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಡೆನ್ಮಾರ್ಕಿನಲ್ಲಿ ಕಂದು ಫಲಕದ ಮೇಲೆ ಬಿಳಿಯ ಡೇಸಿ ಹೂವಿನ ಚಿತ್ರ ಕಂಡರೆ ಅದನ್ನು ಹಿಂಬಾಲಿಸಿ. ರಾಣಿ ಎರಡನೆಯ ಮಾರ್ಗರೆಥೆಗೆ ಪ್ರಿಯವಾದ ಹೂವಿನ ಹೆಸರಿನಲ್ಲಿ 1991ರಲ್ಲಿ ತೆರೆದ ಪ್ರವಾಸಿ ಮಾರ್ಗ ಅದು, ಹೆದ್ದಾರಿ ಬಿಟ್ಟು ಒಳರಸ್ತೆಗಳಲ್ಲೇ ಸಾಗುತ್ತದೆ. ಹೊರಡುವ ಮುಂಚೆ ಒಂದು ಭಾನುವಾರ ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯನ್ನೋ ಎರಡನೆಯ ಗೇರಿನಲ್ಲಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಇಳಿದು ಅಭ್ಯಾಸ ಮಾಡಿಕೊಂಡರೆ ಬೆಟ್ಟದ ರಸ್ತೆಗಳಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಊಟದ ಬಗ್ಗೆ: ನಾರ್ವೆಯ ಹಳ್ಳಿಗಳಲ್ಲಿ ಹೋಟೆಲುಗಳು ವಿರಳ, ಇದ್ದರೂ ದುಬಾರಿ. ಕ್ಯಾಂಪಿಂಗ್ ತಾಣಗಳಲ್ಲಿ 'ಹ್ಯುಟ್ಟೆ' ಎಂಬ ಮರದ ಪುಟ್ಟ ಮನೆಗಳು ಬಾಡಿಗೆಗೆ ಸಿಗುತ್ತವೆ, ಅವುಗಳಲ್ಲಿ ಬಹುಪಾಲು ವಿದ್ಯುತ್ ಒಲೆ ಮತ್ತು ಪಾತ್ರೆ ಇರುತ್ತವೆ. ಅಕ್ಕಿ, ಬೇಳೆ, ಮೊಸರು, ಆಲೂಗಡ್ಡೆ, ಎಲೆಕೋಸು ಪ್ರತಿ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಕೊಂಡಿಟ್ಟುಕೊಳ್ಳಿ. ಇಲ್ಲಿಂದ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಹುರಿದ ರವೆ ಒಯ್ಯಬಹುದು. ತುಪ್ಪ, ಖೋವಾದ ಸಿಹಿ, ಹಾಲಿನ ಪುಡಿ ಬೇಡ, ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದಕ್ಕೆ ನಿಷೇಧವಿದೆ. ಹಸಿ ಕರಿಬೇವಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅದನ್ನು ಒಣಗಿಸಿ ಪುಡಿಯಲ್ಲೇ ಸೇರಿಸಿಬಿಡಿ. 130 ಲೀಟರಿನ ಡಿಕ್ಕಿಯಲ್ಲಿ ಈ ಪೊಟ್ಟಣಗಳಿಗೆ ಜಾಗ ಮಾಡಬೇಕಾದರೆ ಬಟ್ಟೆಯಲ್ಲಿ ಒಂದು ಜೊತೆ ಕಡಿಮೆ ಮಾಡಿ, ಪುಡಿಯಲ್ಲಿ ಬೇಡ.

ಕಡೆಯದಾಗಿ ದಿನಾಂಕ. ಜುಲೈ ನಾರ್ವೆಯವರೆಲ್ಲ ರಜೆ ಹಾಕುವ ತಿಂಗಳು, ಫೆರಿಗಳ ಸಾಲು ಉದ್ದವಾಗುತ್ತದೆ. ಜೂನ್ ಎರಡನೆಯ ವಾರದಲ್ಲಿ ಹೊರಟರೆ ಮೇಲೆ ಹೇಳಿದ ಸ್ವೀಡನ್ನಿನ ಹಬ್ಬ ಮುಗಿದ ಮೇಲೆ ನೀವು ಬೂಹುಸ್‌ಲೆನ್ ತಲುಪುತ್ತೀರಿ. ಹಿರ್ಟ್ಸ್‌ಹಾಲ್ಸ್ ಹಡಗಿಗೆ ಈಗಲೇ ಜಾಗ ಕಾಯ್ದಿರಿಸಿ, ಒಳನಾಡಿನ ಚಿಕ್ಕ ಫೆರಿಗಳಿಗೆ ಕಾಯ್ದಿರಿಸುವ ಅಗತ್ಯವಿಲ್ಲ. ಔರ್‌ಲ್ಯಾಂಡ್ ಬೆಟ್ಟದ ರಸ್ತೆ ಚಳಿಗಾಲದಲ್ಲಿ ಮುಚ್ಚಿದ್ದು ಹಿಮ ನೋಡಿಕೊಂಡು ತೆರೆಯುವುದರಿಂದ, ಹಿಂದಿನ ರಾತ್ರಿ ನಾರ್ವೆಯ ರಸ್ತೆ ಇಲಾಖೆಯ ಜಾಲತಾಣದಲ್ಲಿ ನೋಡಿ, ಇಲ್ಲವೇ ಅಲ್ಲಿನ ಫೋನಿನಿಂದ 175ಕ್ಕೆ ಕರೆ ಮಾಡಿ ಕೇಳಿಕೊಂಡು ಹೊರಡಿ. ಮುಚ್ಚಿದ್ದರೆ ಛಾವಣಿ ಹಾಕಿಕೊಂಡು ಸುರಂಗ ಹಿಡಿಯಿರಿ, ಸ್ಟೇಗಸ್ಟೈನ್‌ವರೆಗಿನ ರಸ್ತೆ ಮಾತ್ರ ಔರ್‌ಲ್ಯಾಂಡ್ ಕಡೆಯಿಂದ ವರ್ಷವಿಡೀ ತೆರೆದಿರುತ್ತದೆ.